ಅರ್ಧ ಅಂಗಣದ ಗೆರೆ

ಕಳೆದ ತಿಂಗಳ ಒಂದು ಮಧ್ಯಾಹ್ನ ಅಕ್ಕಲಕೋಟೆಯ ನ್ಯಾಯಾಲಯದ ಆವರಣದಲ್ಲಿ ನಮ್ಮ ಹನ್ನೂರ ಸೀಮೆಯ ರೈತರೊಬ್ಬರು ಹೊಲದ ವಾಟ್ನಿಯ ಕಾಗದಪತ್ರಗಳನ್ನು ಹಿಡಿದು ನನ್ನನ್ನು ಕಾಣಲು ಬಂದಿದ್ದರು. ಜೊತೆಯಲ್ಲಿ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿ ಓದುವ ಮಗಳಿದ್ದಳು. ಆ ಹುಡುಗಿ ಶಾಲೆಯ ಖೋ-ಖೋ ತಂಡಕ್ಕೆ ಆಯ್ಕೆಯಾದ ಸುದ್ದಿ ನನಗೂ ತಿಳಿದಿತ್ತು. ತಾಲೂಕು ಸ್ಪರ್ಧೆ ಎಂದು ಎಂದು ಅವಳನ್ನು ಕೇಳಿದೆ. ಉತ್ತರವನ್ನು ತಂದೆಯೇ ಕೊಟ್ಟರು: "ಇನ್ನ ಆಟಾ ಸಾಕ್ರಿ ವಕೀಲಸಾಹೇಬ್ರ. ಹುಡುಗಿ ದೊಡ್ಡಾಕಿ ಆಗ್ಯಾಳ. ನಾಳೆ ಮಂದಿ ಏನಂದಾರು?" ಹುಡುಗಿ ತಲೆ ತಗ್ಗಿಸಿ, ಕೈಯಲ್ಲಿದ್ದ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ವಾಟ್ನಿಯ ಕೆಲಸ ಅಂದಿಗೆ ಮುಗಿಯಿತು. ಆ ಮಾತು ಮಾತ್ರ ನನ್ನ ಮನಸ್ಸನ್ನು ಬಿಟ್ಟು ಹೋಗಲಿಲ್ಲ. ನನ್ನ ಸ್ವಂತ ಅಕ್ಕನಿಗೂ ಇದೇ ವಯಸ್ಸಿನಲ್ಲಿ ನಮ್ಮ ಮನೆಯಲ್ಲಿ ಇದೇ ಮಾತನ್ನು ಹೇಳಲಾಗಿತ್ತು. ಓಣಿಯ ಓಟದಲ್ಲಿ ನಾನು ಒಮ್ಮೆಯೂ ಅವಳನ್ನು ಹಿಂದೆ ಹಾಕಿದವನಲ್ಲ. ಮೊದಲು ಅವಳ ಆಟ ನಿಂತಿತು, ಎರಡು ವರ್ಷಗಳಲ್ಲಿ ಶಾಲೆಯೂ ನಿಂತಿತು. ನಾನು ಓದು ಮುಂದುವರಿಸಿ, ಎಲ್‌ಎಲ್‌ಬಿ ಮುಗಿಸಿ, ಕರಿಯ ಕೋಟು ತೊಟ್ಟೆ. ನನ್ನನ್ನು ಓದಿಸಲು ಮನೆಯಲ್ಲಿ ಯಾರೂ ವಾದಿಸಬೇಕಾಗಿರಲಿಲ್ಲ. ಅವಳ ಪರವಾಗಿ ವಾದಿಸಲು ಯಾರೂ ಇರಲಿಲ್ಲ.

ಈ ಕಾರಣದಿಂದಲೇ ಈ ವಾರ ಒಂದು ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಇತಿಹಾಸವನ್ನು ವಾಚಕರ ಮುಂದಿಡಲು ಬಯಸುತ್ತೇನೆ. ಅದು ಅಮೆರಿಕದ ಟೆನ್ನೆಸ್ಸೀ ರಾಜ್ಯದ ವಿಶ್ವವಿದ್ಯಾಲಯ. ದೂರದ ದೇಶ, ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಆಡದ ಆಟ ಎಂದು ಯಾರೂ ಪುಟ ತಿರುವಬಾರದು. ಆ ಕಥೆಯ ನಾಯಕಿ ಹಸು ಹಿಂಡಿ, ಹುಲ್ಲಿನ ಹೊರೆ ಕಟ್ಟಿ ಬೆಳೆದ ಒಕ್ಕಲು ಮನೆಯ ಮಗಳು. ಅವಳ ತಂದೆಯ ಮುಂದೆ ನಿಂತಿದ್ದ ಪ್ರಶ್ನೆ, ನನ್ನ ಕಕ್ಷಿದಾರರ ಮುಂದೆ ನಿಂತಿರುವ ಪ್ರಶ್ನೆಗಿಂತ ಬಹಳ ಬೇರೆಯಾಗಿರಲಿಲ್ಲ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ. ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೊಂದು ಆಟ ಬೇಕೆಂದು, ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಹುಡುಗರಿಗೆ ಚೆಂಡು ಕೊಟ್ಟರು. ಮರು ವರ್ಷವೇ, ಅಂದರೆ 1892ರಲ್ಲಿ, ಸಮೀಪದ ಸ್ಮಿತ್ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಓಡಾಡಿ ದಣಿದರೆ ಅವರ ದೇಹಕ್ಕೆ ಕೇಡು ಎಂಬುದು ಆ ಕಾಲದ ವಿದ್ಯಾವಂತರ ನಂಬಿಕೆ. ಆದ್ದರಿಂದ ಬೆರೆನ್ಸನ್ ಅಂಗಣವನ್ನು ಮೂರು ಪಾಲು ಮಾಡಿ, ಒಂದು ಪಾಲಿನವಳು ಇನ್ನೊಂದಕ್ಕೆ ಕಾಲಿಡಬಾರದೆಂದು ನಿಯಮ ಬರೆದರು. ಹುಡುಗಿಯರನ್ನು ಆಟಕ್ಕೆ ತರಬೇಕಾದರೆ ಅಂದು ಅಷ್ಟು ರಾಜಿ ಅಗತ್ಯವಾಗಿತ್ತು. 1896ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದುರುಬದುರಾದಾಗ ಪ್ರೇಕ್ಷಕರಾಗಿ ಹೆಂಗಸರಿಗಷ್ಟೇ ಪ್ರವೇಶವಿತ್ತು. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು.

ಟೆನ್ನೆಸ್ಸೀ ವಿಶ್ವವಿದ್ಯಾಲಯದಲ್ಲಿ ಮಹಿಳೆಯರ ತಂಡ ಆರಂಭವಾದದ್ದು 1903ರಲ್ಲಿ. 1926ರಲ್ಲಿ ಅದನ್ನು ನಿಲ್ಲಿಸಲಾಯಿತು. ಅನಂತರ ಮೂರು ದಶಕಗಳಿಗೂ ಹೆಚ್ಚು ಕಾಲ ಆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೊರಗಿನ ತಂಡದೊಡನೆ ಆಡುವ ಅವಕಾಶ ಹೆಣ್ಣುಮಕ್ಕಳಿಗೆ ಇರಲಿಲ್ಲ. ಒಮ್ಮೆ ತೆರೆದ ಬಾಗಿಲು ಮುಚ್ಚಲಾರದೆಂದು ಭಾವಿಸುವವರು ಈ ಎರಡು ಇಸವಿಗಳನ್ನು ನೆನಪಿಡಬೇಕು.

ಆ ರಾಜ್ಯದ ಕ್ಲಾರ್ಕ್ಸ್‌ವಿಲ್ ಎಂಬಲ್ಲಿ 1952ರ ಜೂನ್ 14ರಂದು ಪ್ಯಾಟ್ ಹೆಡ್ ಎಂಬ ಹುಡುಗಿ ಹುಟ್ಟಿದಳು. ಮನೆತನದ ಕಸುಬು ಬೇಸಾಯ. ಬೆಳಿಗ್ಗೆ ಹಸು ಹಿಂಡುವುದು, ಸುಗ್ಗಿಯಲ್ಲಿ ಹೊಗೆಸೊಪ್ಪು ಕೊಯ್ಯುವುದು, ಹುಲ್ಲು ಕಟ್ಟುವುದು ಅವಳ ಪಾಲಿನ ಕೆಲಸಗಳು. ಸಂಜೆ ಹುಲ್ಲಟ್ಟದ ಮೇಲೆ ಮೂವರು ಅಣ್ಣಂದಿರೊಡನೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಪ್ರೌಢಶಾಲೆಗೆ ಸೇರುವ ಹೊತ್ತಿಗೆ ಒಂದು ತೊಡಕು ಎದುರಾಯಿತು: ಆ ಊರಿನ ಶಾಲೆಯಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ತಂದೆ ಕಟ್ಟುನಿಟ್ಟಿನ ಮನುಷ್ಯ. ಮಗಳಿಗೆ ಆಟ ಬಿಡು ಎಂದು ಅವರು ಹೇಳಬಹುದಿತ್ತು. ಹೇಳಿದ್ದರೆ ನೆರೆಹೊರೆಯವರು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ ಸಂಸಾರವನ್ನೇ ಹೆನ್ರಿಯೆಟ್ಟಾ ಎಂಬ ಸಮೀಪದ ಊರಿಗೆ ಸಾಗಿಸಿದರು. ಅಲ್ಲಿನ ಶಾಲೆಯಲ್ಲಿ ಹುಡುಗಿಯರ ತಂಡವಿತ್ತು.

ಆದರೂ ಪಂಕ್ತಿಭೇದ ತಪ್ಪಲಿಲ್ಲ. ಅಣ್ಣಂದಿರು ಮೂವರೂ ಕ್ರೀಡಾ ವಿದ್ಯಾರ್ಥಿವೇತನ ಪಡೆದು ಕಾಲೇಜು ಓದಿದರು. 1970ರಲ್ಲಿ ತಂಗಿಯ ಸರದಿ ಬಂದಾಗ ಹೆಣ್ಣುಮಕ್ಕಳಿಗೆ ಅಂಥ ವಿದ್ಯಾರ್ಥಿವೇತನವೇ ಇರಲಿಲ್ಲ. ಅವಳ ಶುಲ್ಕವನ್ನು ತಂದೆತಾಯಿ ಕೈಯಿಂದ ಕಟ್ಟಿದರು.

ಎರಡು ವರ್ಷಗಳ ಬಳಿಕ, 1972ರ ಜೂನ್ 23ರಂದು, ಅಮೆರಿಕದಲ್ಲಿ ಶಿಕ್ಷಣ ಕಾಯ್ದೆಯ ತಿದ್ದುಪಡಿಯೊಂದು ಜಾರಿಗೆ ಬಂತು. ಅದರ ಒಂಬತ್ತನೆಯ ಭಾಗದ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಕೇವಲ 37 ಪದಗಳದು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಿಂದಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬುದು ಅದರ ತಾತ್ಪರ್ಯ. ಆ ವಾಕ್ಯದಲ್ಲಿ ಆಟ ಎಂಬ ಶಬ್ದವೇ ಇಲ್ಲ. ಆದರೆ ಶಾಲೆಯ ಮೈದಾನವೂ ಶಿಕ್ಷಣದ ಭಾಗವೆಂದಾದ ಮೇಲೆ, ಹುಡುಗರ ತಂಡಕ್ಕೆ ಹಣ ಕೊಟ್ಟು ಹುಡುಗಿಯರನ್ನು ಬರಿಗೈಯಲ್ಲಿ ಕಳಿಸುವುದು ಕಾನೂನುಬಾಹಿರವಾಯಿತು. 1971-72ರಲ್ಲಿ ಆ ದೇಶದ ಪ್ರೌಢಶಾಲಾ ಕ್ರೀಡೆಗಳಲ್ಲಿ ಪಾಲ್ಗೊಂಡ ಹುಡುಗಿಯರು 2,94,015. ಈಚಿನ ವರ್ಷಗಳಲ್ಲಿ ಆ ಸಂಖ್ಯೆ 30 ಲಕ್ಷವನ್ನು ದಾಟಿದೆ.

ಕಾಯ್ದೆ ಬಂದ ಮಾತ್ರಕ್ಕೆ ತಂಡ ತಾನಾಗಿ ಕಟ್ಟಿಕೊಳ್ಳುವುದಿಲ್ಲ. 1974ರಲ್ಲಿ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ತಂಡದ ಹೊಣೆ ಇದೇ ಪ್ಯಾಟ್ ಅವರ ಪಾಲಿಗೆ ಬಂತು. ಮದುವೆಯ ನಂತರ ಅವರು ಪ್ಯಾಟ್ ಸಮಿಟ್ ಎಂದು ಪ್ರಸಿದ್ಧರಾದರು. ಆಗ ಅವರಿಗೆ 22 ವರ್ಷ. ತಿಂಗಳ ಸಂಬಳ 250 ಡಾಲರ್. ತಂಡದ ವಾಹನವನ್ನು ತಾವೇ ನಡೆಸುತ್ತಿದ್ದರು, ಆಟಗಾರ್ತಿಯರ ಬಟ್ಟೆಗಳನ್ನು ತಾವೇ ಒಗೆಯುತ್ತಿದ್ದರು. ಆ ಬಟ್ಟೆಗಳೂ ಹಿಂದಿನ ವರ್ಷ ತಿಂಡಿ ಮಾರಿ ಕೂಡಿಸಿದ ಹಣದಿಂದ ಕೊಂಡವು. ಮೊದಲ ಪಂದ್ಯವನ್ನು ತಂಡ 83-84ರಿಂದ, ಒಂದೇ ಅಂಕದ ಅಂತರದಲ್ಲಿ, ಸೋತಿತು.

ಇಲ್ಲಿ ವಕೀಲನಾದ ನನಗೆ ಬಹಳ ಪ್ರಿಯವಾದ ಒಂದು ಮೊಕದ್ದಮೆ ಬರುತ್ತದೆ. ಟೆನ್ನೆಸ್ಸೀಯ ಪ್ರೌಢಶಾಲೆಗಳಲ್ಲಿ ಹುಡುಗರು ಐದೈದು ಜನರಾಗಿ ಇಡೀ ಅಂಗಣದಲ್ಲಿ ಆಡುತ್ತಿದ್ದರೆ, ಹುಡುಗಿಯರಿಗೆ ಹಳೆಯ ನಿಯಮವೇ ಉಳಿದಿತ್ತು. ಮೂರು ಪಾಲಿನ ಅಂಗಣ ಎರಡು ಪಾಲಾಗಿತ್ತು, ಅಷ್ಟೇ. ತಂಡಕ್ಕೆ ಆರು ಜನ. ಮೂವರು ಚೆಂಡನ್ನು ಬುಟ್ಟಿಗೆ ಹಾಕುವವರು, ಮೂವರು ಎದುರಾಳಿಯನ್ನು ತಡೆಯುವವರು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ತಡೆಯುವ ಪಾಳಿಯವಳು ಶಾಲೆ ಮುಗಿಸುವವರೆಗೂ ಒಮ್ಮೆಯೂ ಬುಟ್ಟಿಗೆ ಚೆಂಡು ಎಸೆಯದೆ ಹೋಗಬಹುದಿತ್ತು. 1976ರಲ್ಲಿ ಓಕ್ ರಿಡ್ಜ್ ಎಂಬ ಊರಿನ ಅಂಥ ಒಬ್ಬ ವಿದ್ಯಾರ್ಥಿನಿ ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಅವಳ ವಾದ ಸರಳವಾಗಿತ್ತು: ಕಾಲೇಜುಗಳು ಈಗ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡತೊಡಗಿವೆ, ಕಾಲೇಜಿನಲ್ಲಿ ಇಡೀ ಅಂಗಣದ ಆಟ, ಅರ್ಧ ಅಂಗಣವನ್ನಷ್ಟೇ ಬಲ್ಲ ನನ್ನನ್ನು ಯಾರು ಆರಿಸುತ್ತಾರೆ?

ಮೊದಲ ನ್ಯಾಯಾಲಯ ಅವಳ ಪರವಾಗಿ ತೀರ್ಪಿತ್ತಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾಗದದ ಮೇಲೆ ಅವಳು ಸೋತಳು. ಆದರೆ ಪ್ರಶ್ನೆ ಸಾರ್ವಜನಿಕರ ಬಾಯಿಗೆ ಬಂದುಬಿಟ್ಟಿತ್ತು. ಪ್ಯಾಟ್ ಸಮಿಟ್ ಅವರೂ ಆ ನಿಯಮದ ವಿರುದ್ಧ ದನಿಯೆತ್ತಿದ್ದರು. 1979ರಲ್ಲಿ ಟೆನ್ನೆಸ್ಸೀ ತನ್ನ ಶಾಲೆಗಳ ಹುಡುಗಿಯರಿಗೂ ಐದು ಜನರ, ಇಡೀ ಅಂಗಣದ ಆಟವನ್ನು ಒಪ್ಪಿಕೊಂಡಿತು. ಸೋತ ಮೊಕದ್ದಮೆಗಳೂ ಕೆಲವೊಮ್ಮೆ ಫಲ ಕೊಡುತ್ತವೆ ಎಂಬುದನ್ನು ನನ್ನ ಕಕ್ಷಿದಾರರಿಗೆ ಹೇಳುವಾಗ ಈ ಉದಾಹರಣೆ ನೆನಪಾಗುತ್ತದೆ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪ್ಯಾಟ್ ಸಮಿಟ್ 38 ವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಉಳಿದರು. 1987ರಿಂದ 2008ರವರೆಗೆ ತಂಡ ಎಂಟು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಟಗಾರ್ತಿಯಾಗಿ ಅವರು 1976ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್ ಸೇರಿದ್ದೇ ಆ ವರ್ಷ. 1984ರಲ್ಲಿ ಅವರು ತರಬೇತಿ ಕೊಟ್ಟ ಅಮೆರಿಕ ತಂಡಕ್ಕೆ ಚಿನ್ನ ಬಂತು. ಮರೆವಿನ ಕಾಯಿಲೆಯಿಂದಾಗಿ 2012ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 1,098 ಗೆಲುವುಗಳಿದ್ದವು. ಅಲ್ಲಿನ ಮೊದಲ ದರ್ಜೆಯ ವಿಶ್ವವಿದ್ಯಾಲಯಗಳಲ್ಲಿ ಪುರುಷ ತಂಡಗಳನ್ನು ಸೇರಿಸಿ ಎಣಿಸಿದರೂ ಅಂದಿಗೆ ಅಷ್ಟು ಗೆದ್ದ ತರಬೇತುದಾರರು ಬೇರೊಬ್ಬರಿರಲಿಲ್ಲ. 2016ರ ಜೂನ್ 28ರಂದು ಅವರು ತೀರಿಕೊಂಡರು.

ಪಾಲಕರು ಗಮನಿಸಬೇಕಾದ ಲೆಕ್ಕ ಇನ್ನೊಂದಿದೆ. ಅವರ ಕೈಕೆಳಗೆ ತಮ್ಮ ಆಟದ ಅವಧಿಯನ್ನು ಪೂರ್ತಿಗೊಳಿಸಿದ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಪದವಿ ಪಡೆದಳು. ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲೇ ಕುಳಿತುಕೊಳ್ಳಬೇಕು, ಕಾರಣವಿಲ್ಲದೆ ತರಗತಿ ತಪ್ಪಿಸಬಾರದು ಎಂಬುದು ಅವರ ಕಟ್ಟಳೆ. ಆಟಕ್ಕೆ ಹೋದರೆ ಓದು ಕೆಡುತ್ತದೆ ಎಂಬ ನಮ್ಮ ಮನೆಗಳ ಭಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಹಾಜರುಪಡಿಸಲಾರೆ.

ಇನ್ನು ನಮ್ಮ ನೆಲಕ್ಕೆ ಬರೋಣ. ನಮ್ಮ ದೇಶದ ಮಹಿಳಾ ತಂಡ 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ 'ಬಿ' ವಿಭಾಗವನ್ನು ಗೆದ್ದಿತು. ನಮ್ಮ ಪಕ್ಕದ ಉಸ್ಮಾನಾಬಾದಿನ ಸಾರಿಕಾ ಕಾಳೆ ಅವರ ನಾಯಕತ್ವದಲ್ಲಿ ಭಾರತದ ಖೋ-ಖೋ ತಂಡ 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ನಾವು ಅಂಬಾಭವಾನಿಯ ದರ್ಶನಕ್ಕೆ ಹೋಗುವ ತುಳಜಾಪುರದಲ್ಲಿ ಅವರು ಕ್ರೀಡಾಧಿಕಾರಿಯಾಗಿ ಕೆಲಸ ಮಾಡಿದರು. ಉತ್ತಮ ಕ್ರೀಡಾಪಟುಗಳಿಗೆ ಮಹಾರಾಷ್ಟ್ರ ಸರ್ಕಾರದ ನೌಕರಿಗಳಲ್ಲಿ ಶೇ. 5ರಷ್ಟು ಮೀಸಲಾತಿ ಇರುವುದನ್ನೂ ಪಾಲಕರು ತಿಳಿದಿರಬೇಕು.

ವಿಶ್ವವಿದ್ಯಾಲಯವೂ ಈಗ ದೂರವಿಲ್ಲ. ಮೊದಲು ನಮ್ಮ ಕಾಲೇಜುಗಳು 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2004ರ ಆಗಸ್ಟ್ 1ರಂದು ನಮ್ಮ ಜಿಲ್ಲೆಗೆ ಸೀಮಿತವಾದ ಸೊಲ್ಲಾಪುರ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಇಂದು ಅದು ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರನ್ನು ಹೊತ್ತಿದೆ. ಹಿಂದೆ ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳ ಹುಡುಗಿಯರೊಡನೆ ಸ್ಪರ್ಧಿಸಿ ವಿಶ್ವವಿದ್ಯಾಲಯದ ತಂಡ ಸೇರಬೇಕಾಗಿದ್ದ ಅಕ್ಕಲಕೋಟೆಯ ವಿದ್ಯಾರ್ಥಿನಿಗೆ ಈಗ ತನ್ನ ಜಿಲ್ಲೆಯದೇ ತಂಡವಿದೆ. ಆದರೆ ಆ ತಂಡಕ್ಕೆ ಬೇಕಾದ ಹುಡುಗಿಯನ್ನು ಎಂಟನೆಯ ತರಗತಿಯಲ್ಲೇ ನಾವು ಮನೆಯಲ್ಲಿ ಕೂರಿಸಿದರೆ ವಿಶ್ವವಿದ್ಯಾಲಯ ಎಷ್ಟು ಹತ್ತಿರ ಬಂದರೂ ಪ್ರಯೋಜನವೇನು?

ಕಾನೂನಿನ ಬಗ್ಗೆಯೂ ಎರಡು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಶಾಲೆಗೆ ಆಟದ ಮೈದಾನವಿರಬೇಕೆಂದೂ ಪ್ರತಿ ತರಗತಿಗೆ ಅಗತ್ಯಕ್ಕೆ ತಕ್ಕಂತೆ ಆಟದ ಸಾಮಗ್ರಿ ಒದಗಿಸಬೇಕೆಂದೂ ಬರೆದಿದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100 ಮೀರಿದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಿರಬೇಕು. ಹುಡುಗರಿಗೆ ಮಾತ್ರ ಎಂದು ಅಲ್ಲಿ ಎಲ್ಲಿಯೂ ಇಲ್ಲ. ನಮ್ಮ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೆ ಈ ಕಾಯ್ದೆ ಮರಾಠಿ ಶಾಲೆಗಳಷ್ಟೇ ಅನ್ವಯಿಸುತ್ತದೆ. ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ ನಾಲ್ಕನೆಯ ಮೂರು ಪಾಲು ಪಾಲಕರು, ಒಟ್ಟು ಅರ್ಧದಷ್ಟು ಮಹಿಳೆಯರು ಇರಲೇಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಅದೇ ಸಮಿತಿ. ಅಂದರೆ ಅರ್ಜಿ ಬರೆಯಬೇಕಾದವರೂ ಠರಾವು ಮಾಡಬೇಕಾದವರೂ ನಾವೇ. ಆದರೆ ಹೆಚ್ಚಿನ ಊರುಗಳಲ್ಲಿ ತಾಯಂದಿರು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಸುಮ್ಮನೆ ಎದ್ದು ಬರುತ್ತಾರೆ ಎಂಬುದನ್ನು ನಾನು ಬಲ್ಲೆ.

ವಾಟ್ನಿಯ ಮುಂದಿನ ತಾರೀಖಿಗೆ ಆ ರೈತರು ಬಂದಾಗ ಚಹಾ ತರಿಸಿ ಇದೇ ಕಥೆಯನ್ನು ಹೇಳಿದೆ. ಕಪ್ಪುಗಳು, ಪದಕಗಳು ಅವರ ಗಮನ ಸೆಳೆಯಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಮಗಳ ಆಟಕ್ಕಾಗಿ ಆ ಅಪ್ಪ ಊರs ಬಿಟ್ಟನೇನ್ರಿ?" ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬ ಬಾಯಿ ಮಾಸ್ತರು ಜೋಡಿ ಬರ್ತಾರಂದ್ರ ಕಳಸ್ತೀನ್ರಿ. ಸಂಜೀಕ ಕತ್ತಲಾಗೂದ್ರಾಗ ಮನೀಗಿ ಬರಬೇಕು" ಎಂದರು.

ಅವರ ಷರತ್ತು ನ್ಯಾಯವಾದುದು. ಅವರು ಹೆದರಿರುವುದು ಆಟಕ್ಕಲ್ಲ. ದಾರಿಗೆ, ಕತ್ತಲೆಗೆ, ಜೊತೆಗೆ ಯಾರೂ ಇಲ್ಲದಿರುವುದಕ್ಕೆ. ಇದನ್ನು ನೀಗಿಸಲು ನ್ಯಾಯಾಲಯ ಬೇಕಾಗಿಲ್ಲ. ಒಬ್ಬ ಶಿಕ್ಷಕಿ, ಒಂದು ವಾಹನ, ಹಿಂದಿರುಗುವ ಹೊತ್ತು, ಈ ಮೂರನ್ನು ಸಮಿತಿಯ ಮುಂದಿನ ಸಭೆಯಲ್ಲಿ ಬರೆದಿಡಿಸಿದರೆ ಸಾಕು. ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗಳಿದ್ದರೆ, ನಿಮ್ಮ ಶಾಲೆಯ ಸಭೆ ಯಾವ ದಿನ ಎಂದು ನಾಳೆಯೇ ಮುಖ್ಯಾಧ್ಯಾಪಕರನ್ನು ಕೇಳಿರಿ. ಅರ್ಜಿಯ ಒಕ್ಕಣೆ ಬೇಕಾದವರು ಅಕ್ಕಲಕೋಟೆಗೆ ಬಂದಾಗ ನನ್ನನ್ನು ಕಾಣಬಹುದು. ಈ ಕೆಲಸಕ್ಕೆ ಫೀ ಇಲ್ಲ. ಅದು ನಾನು ನನ್ನ ಅಕ್ಕನಿಗೆ ಕೊಡಬೇಕಾಗಿರುವ ಬಾಕಿ.