ಕಳೆದುಹೋದ ಕಲ್ಲು

ಹರ್ಮೀಸ್ ಎಂಬ ಕ್ಷುದ್ರಗ್ರಹವನ್ನು ಕುರಿತು ಬರೆಯುವವರೆಲ್ಲ ಅದು 66 ವರ್ಷ ‘ಕಳೆದುಹೋಗಿತ್ತು’ ಎನ್ನುತ್ತಾರೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಒಮ್ಮೆ ಹುಡುಗನೊಬ್ಬ, “ಹಾಗಾದರೆ ಅಷ್ಟು ವರ್ಷ ಅದು ಎಲ್ಲಿತ್ತು, ಸಾರ್?” ಎಂದು ಕೇಳಿದ ಮೇಲೆ ಆ ಮಾತು ನನಗೆ ರುಚಿಸದಾಯಿತು. ಅದು ತನ್ನ ಹಾದಿಯಲ್ಲೇ ಇತ್ತು. ತಪ್ಪಿದ್ದು ನಮ್ಮ ಲೆಕ್ಕ.

1937ರ ಅಕ್ಟೋಬರಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕಾರ್ಲ್ ರೈನ್‌ಮೂತರು ತೆಗೆದ ಛಾಯಾಚಿತ್ರದ ಫಲಕದಲ್ಲಿ ಅದು ಗೆರೆಯಾಗಿ ಮೂಡಿತು. ಚಂದ್ರನಿರುವುದಕ್ಕಿಂತ ಸುಮಾರು ಇಮ್ಮಡಿ ದೂರದಲ್ಲಿ ನಮ್ಮನ್ನು ದಾಟಿ, ವಾರ ತುಂಬುವುದರೊಳಗೆ ಮರೆಯಾಯಿತು. ದೀರ್ಘವೃತ್ತದ ಅಷ್ಟು ಕಿರಿದಾದ ತುಣುಕನ್ನು ಕಂಡು ಇಡೀ ಕಕ್ಷೆಯನ್ನು ಎಳೆಯಹೊರಟರೆ, ಮೊದಲಿನ ಕೂದಲೆಳೆಯಷ್ಟು ತಪ್ಪು ಸುತ್ತುಸುತ್ತಿಗೂ ಬೆಳೆಯುತ್ತದೆ. ಸಾಲದುದಕ್ಕೆ, ಭೂಮಿಯೂ ಶುಕ್ರನೂ ಆಗಾಗ ಅದನ್ನು ಸೆಳೆದು ದಾರಿಯನ್ನು ಕೊಂಚ ಬಾಗಿಸುತ್ತವೆ.

2003ರ ಅಕ್ಟೋಬರಿನಲ್ಲಿ ಅಮೆರಿಕದ ಅರಿಜೋನದಲ್ಲಿ ಬ್ರಯಾನ್ ಸ್ಕಿಫ್ ಅದನ್ನು ಮತ್ತೆ ಕಂಡರು. ರೇಡಾರಿನ ನೋಟಕ್ಕೆ ಅದು ಒಂದಲ್ಲ. ಒಂದನ್ನೊಂದು ಸುತ್ತುವ, ಹೆಚ್ಚುಕಡಮೆ ಸಮಗಾತ್ರದ ಎರಡು ಬಂಡೆಗಳು!

ಕಂಡುಹಿಡಿದವರಿಗೆ ಕೀರ್ತಿ ಸಲ್ಲಲಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆ ಕಂಡದ್ದನ್ನೇ ರಾತ್ರಿಯ ಮೇಲೆ ರಾತ್ರಿ ಅಳೆಯುತ್ತ ಕೂರುವವರ ಸುದ್ದಿಯನ್ನು ನಾನು ಕಲಿಸಿದ ಯಾವ ಪಠ್ಯಪುಸ್ತಕವೂ ಎತ್ತಲಿಲ್ಲ. ಇದು ಅನ್ಯಾಯವೆಂದೇ ನನ್ನ ಮತ. ಅಂಥವರಿಲ್ಲದೆ ಆಕಾಶಕ್ಕೆ ಕಾವಲೆಲ್ಲಿ?

ಹೊಸ ಕಕ್ಷೆಯನ್ನು ಹಿಂದುಹಿಂದಕ್ಕೆ ಗಣಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. 1942ರ ಏಪ್ರಿಲಿನಲ್ಲಿ, ಮಹಾಯುದ್ಧದ ನಡುವೆ, ಹರ್ಮೀಸ್ 1937ರಲ್ಲಿ ಬಂದುದಕ್ಕಿಂತಲೂ ಸಮೀಪಕ್ಕೆ ಬಂದು ಹೋಗಿತ್ತು. ಆಗ ಅದನ್ನು ನೋಡಿದವರು ಯಾರೂ ಇಲ್ಲ.