ತಾರಸಿಯ ಪೈಪಿಗೂ ಅರ್ಥಿಂಗ್ ಬೇಕು

ಟಿ. ದಾಸರಹಳ್ಳಿಯ ಒಳರಸ್ತೆಗಳಲ್ಲಿ ಸಣ್ಣ ನಿವೇಶನದ ಮೇಲೆ ಮೂರು ಅಂತಸ್ತು ಎದ್ದ ಮನೆಗಳ ತಾರಸಿ ಖಾಲಿ ಜಾಗವಲ್ಲ. ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ, ಸಂಜೆ ಆಡಲು ಬರುವ ಬಾಡಿಗೆದಾರರ ಮಕ್ಕಳು, ಎಲ್ಲಕ್ಕೂ ಅದೇ ಆಸರೆ. ಇಂತಹ ತಾರಸಿಗಳಿಗೇ ಈಗ ಸೌರ ಫಲಕಗಳೂ ಏರುತ್ತಿವೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳು. 3 ಕಿಲೊವಾಟ್ ಘಟಕಕ್ಕೆ ನಿಗದಿಯಾದ ಸಹಾಯಧನ 78,000 ರೂಪಾಯಿ. ಅದೇ ವರ್ಷ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು 10 ಕಿಲೊವಾಟ್‌ವರೆಗಿನ ಅರ್ಜಿಗಳನ್ನು ತಾಂತ್ರಿಕ ಸಾಧ್ಯತೆಯ ಅಧ್ಯಯನವಿಲ್ಲದೆಯೇ ಒಪ್ಪಬೇಕೆಂದು ವಿಧಿಸಿದವು. ಕಡತ ಮೇಜಿನಿಂದ ಮೇಜಿಗೆ ಅಲೆಯುವುದು ತಪ್ಪಿದ್ದು ಸ್ವಾಗತಾರ್ಹ. ಆದರೆ ಕಚೇರಿಯಲ್ಲಿ ಸಡಿಲಿಸಿದ ಪರಿಶೀಲನೆ ತಾರಸಿಯ ಮೇಲೆ ಬಿಗಿಯಾಗಬೇಕಲ್ಲವೆ?

ಫಲಕಗಳಿಂದ ಇನ್ವರ್ಟರ್‌ಗೆ ಇಳಿಯುವುದು ಡಿ.ಸಿ. ವಿದ್ಯುತ್. ಸಾಲಾಗಿ ಜೋಡಿಸಿದ ಫಲಕಗಳ ಒತ್ತಡ ಸುಲಭವಾಗಿ ನೂರಾರು ವೋಲ್ಟ್ ಮುಟ್ಟುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವಷ್ಟು ಹೊತ್ತು ಫಲಕದ ಕಡೆಯ ತಂತಿಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಷಾರ್ಟ್ ಆದಾಗಲೂ ಫಲಕ ಹರಿಸುವ ಕರೆಂಟ್ ಮಾಮೂಲಿಗಿಂತ ತುಸುವೇ ಹೆಚ್ಚು. ಫ್ಯೂಸ್ ಹಾರಿ ಕಾಪಾಡೀತೆಂದು ನೆಚ್ಚುವಂತಿಲ್ಲ.

ಈ ತಂತಿಗಳನ್ನು ಜಿಐ ಪೈಪಿನೊಳಗೆ ಇಳಿಸುವುದು ಒಳ್ಳೆಯ ಕ್ರಮವೇ. ಬಿಸಿಲು, ಇಲಿ, ಏಟುಗಳಿಂದ ಅವಕ್ಕೆ ರಕ್ಷಣೆ ಸಿಗುತ್ತದೆ. ಆದರೆ ಪೈಪಿನ ಒರಟು ಬಾಯಿಗೆ ಉಜ್ಜಿ ತಂತಿಯ ಹೊದಿಕೆ ಸವೆದರೆ ಆ ಪೈಪಿನಲ್ಲೇ ವಿದ್ಯುತ್ ಸಂಚರಿಸುತ್ತದೆ. ಪೈಪಿಗೆ ಅರ್ಥಿಂಗ್ ಇದ್ದರೆ ಇನ್ವರ್ಟರ್ ಸಾಮಾನ್ಯವಾಗಿ ಆ ಸೋರಿಕೆಯನ್ನು ಗುರುತಿಸಿ ಎಚ್ಚರಿಸುತ್ತದೆ. ಇಲ್ಲದಿದ್ದರೆ ಹೊರಗೆ ಏನೂ ತೋರದು. ದೀಪ ಉರಿಯುತ್ತದೆ, ಮೀಟರ್ ಓಡುತ್ತದೆ. ವಿಷಯ ಮೊದಲು ತಿಳಿಯುವುದು ಒದ್ದೆ ಬಟ್ಟೆ ಹಿಡಿದು ಪೈಪನ್ನು ಮುಟ್ಟಿದವರಿಗೆ.

ಇದಕ್ಕೆ ನಿಯಮವಿಲ್ಲವೆಂದಲ್ಲ. ತಂತಿಯನ್ನು ಕಾಯುವ ಲೋಹದ ಹೊದಿಕೆಗಳನ್ನೆಲ್ಲ ಭೂಮಿಗೆ ಜೋಡಿಸಬೇಕು, ಜಂಕ್ಷನ್ ಬಾಕ್ಸ್‌ಗಳ ಎಡೆಯಲ್ಲೂ ಕಡಿಯದಂತೆ ಉದ್ದಕ್ಕೂ ಬೆಸೆದಿರಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳ 61ನೇ ನಿಯಮವೇ ಹೇಳಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಅದನ್ನು ಉಳಿಸಿಕೊಂಡಿತು; ಅದರ ಸ್ಥಾನಕ್ಕೆ 2023ರಲ್ಲಿ ಹೊಸ ನಿಯಮಾವಳಿ ಬಂದಿದೆ. ಅಮೆರಿಕದ ವಿದ್ಯುತ್ ಸಂಹಿತೆಯಂತೂ 250 ವೋಲ್ಟ್ ಮೀರಿದ ತಂತಿಗಳಿರುವ ಲೋಹದ ಪೈಪುಗಳ ಬೆಸುಗೆಗೆ, ಅಂದರೆ ಬಾಂಡಿಂಗ್‌ಗೆ, ಪ್ರತ್ಯೇಕ ವಿಧಿಯನ್ನೇ ಇಟ್ಟಿದೆ.

ಕೊರತೆ ಇರುವುದು ಕೆಲಸದಲ್ಲಿ. ಡಿ.ಸಿ.ಗೊಂದು, ಎ.ಸಿ.ಗೊಂದು, ಸಿಡಿಲು ತಡೆಗೊಂದು ಎಂದು ಮೂರು ಅರ್ಥಿಂಗ್ ಗುಂಡಿ ತೋಡಿದರೆ ಎಲ್ಲ ಮುಗಿಯಿತೆಂಬ ಭಾವನೆ ಬೇರೂರಿದೆ. ಗುಂಡಿ ಇದ್ದು, ಎರಡು ಜಿಐ ಪೈಪುಗಳ ನಡುವೆ ಪಿವಿಸಿ ಬೆಂಡು ಕೂತಿದ್ದರೆ ಮೇಲಿನ ಪೈಪಿಗೂ ಭೂಮಿಗೂ ಸಂಬಂಧವೇ ಇರುವುದಿಲ್ಲ. ಬಣ್ಣ ಬಳಿದ ಪೈಪಿಗೆ ಬಿಗಿದ ಕ್ಲಾಂಪು, ಅಲ್ಯೂಮಿನಿಯಂ ಚೌಕಟ್ಟಿನ ಮೇಲ್ಪದರವನ್ನು ಕೊರೆಯದ ಸಾದಾ ವಾಷರ್ ಇವೂ ಅಷ್ಟೇ. ಪಕ್ಕದ ಪೀಣ್ಯದ ಯಾವ ವೆಲ್ಡಿಂಗ್ ಕೆಲಸಗಾರನೂ ಬಣ್ಣ ಕೆರೆಯದೆ ಅರ್ತ್ ಕ್ಲಾಂಪ್ ಹಾಕುವುದಿಲ್ಲ. ಆತನಿಗಿರುವ ಈ ತಿಳಿವಳಿಕೆ ಲಕ್ಷಾಂತರ ರೂಪಾಯಿಯ ಘಟಕ ಕೂರಿಸುವವರಿಗೆ ಇಲ್ಲದಿದ್ದರೆ ಹೇಗೆ?

ಫಲಕದ ಚೌಕಟ್ಟಿನಿಂದ ಪೈಪಿನ ಪ್ರತಿ ತುಂಡಿನವರೆಗೆ, ಅಲ್ಲಿಂದ ಗುಂಡಿಯವರೆಗೆ ಸಂಪರ್ಕ ಕಡಿದಿಲ್ಲವೆಂಬುದನ್ನು ಅಳೆದು, ಅಂಕಿಯನ್ನು ಪೂರ್ಣಗೊಂಡ ವರದಿಯಲ್ಲಿ ಬರೆಯುವುದನ್ನು ಬೆಸ್ಕಾಂ ಕಡ್ಡಾಯಗೊಳಿಸಬೇಕು. ಅದರ ಪ್ರತಿ ಮನೆಯವರ ಕೈಯಲ್ಲಿರಬೇಕು. ಇದಿಲ್ಲದೆ ಮೀಟರ್ ಜೋಡಿಸಬಾರದು. ತಗಲುವ ವೆಚ್ಚ ಕೆಲವು ಹಲ್ಲಿನ ವಾಷರ್, ನಾಲ್ಕಾರು ತುಂಡು ತಂತಿ ಮತ್ತು ಅರ್ಧ ದಿನದ ಕೂಲಿ. ಈಗಾಗಲೇ ಏರಿರುವ ಘಟಕಗಳನ್ನೂ ವಿದ್ಯುತ್ ಪರಿವೀಕ್ಷಣಾಲಯ ಮಾದರಿಗಾಗಿ ಆಯ್ದು ಪರೀಕ್ಷಿಸಲಿ. ಮಳೆಗಾಲಕ್ಕೆ ಮುನ್ನ ಆದರೆ ಉತ್ತಮ. ಅಲ್ಲಿಯವರೆಗೆ ಮನೆ ಮಾಲೀಕರು ಬಟ್ಟೆಯ ತಂತಿಯನ್ನು ಸೌರ ಘಟಕದ ಪೈಪಿಗೆ ಕಟ್ಟಿದ್ದರೆ ಬಿಚ್ಚಿಸಲಿ.