ಕಾಫ್ಕಾ ಬೇಡವೆಂದ ಚಿತ್ರ

ಕ್ಲಾಸಿಕ್ ಕಾದಂಬರಿಯೊಂದು ಗ್ರಾಫಿಕ್ ಕಾದಂಬರಿಯಾಗಿ ಬಂದಾಗಲೆಲ್ಲ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ‘ಒಳ್ಳೆಯದಾಯಿತು, ಇನ್ನಾದರೂ ಹುಡುಗರು ಓದುತ್ತಾರೆ.’ ಇನ್ನೊಂದು, ‘ಕೆಟ್ಟಿತು, ಓದುಗನ ಕಲ್ಪನೆಯನ್ನೇ ಕೊಂದರು.’ ನನಗೆ ಎರಡರ ಮೇಲೂ ತಕರಾರಿದೆ. ಹೊಗಳುವವರ ಮೇಲೆ ತುಸು ಹೆಚ್ಚೇ ಇದೆ.

ಮೊದಲು ಬೈಯುವವರ ಮಾತು ನೋಡೋಣ. ಅವರ ಕೈಯಲ್ಲಿರುವ ದೊಡ್ಡ ಅಸ್ತ್ರ ಕಾಫ್ಕಾನ ಒಂದು ಪತ್ರ. 1915ರಲ್ಲಿ ‘ಮೆಟಮಾರ್ಫಸಿಸ್’ ಪುಸ್ತಕವಾಗಿ ಅಚ್ಚಾಗುತ್ತಿದ್ದಾಗ, ಕಲಾವಿದ ಆ ಹುಳುವನ್ನೇ ಚಿತ್ರಿಸಿಬಿಟ್ಟಾನೆಂದು ಹೆದರಿ ಕಾಫ್ಕಾ ಪ್ರಕಾಶಕರಿಗೆ ಬರೆದ. ಅದೊಂದು ಮಾತ್ರ ಬೇಡ, ದೂರದಿಂದ ಕಾಣುವಂತೆಯೂ ಬೇಡ ಎಂದ. ಅವನ ಭಯಕ್ಕೆ ಕಾರಣವಿತ್ತು. ಗ್ರೆಗರ್ ಸಾಮ್ಸಾ ಏನಾದನೆಂದು ಹೇಳಲು ಅವನು ಬಳಸಿದ ಜರ್ಮನ್ ಪದ ‘ಉನ್‌ಗೆತ್ಸೀಫರ್’. ಅದು ಜಿರಲೆಯೂ ಅಲ್ಲ, ದುಂಬಿಯೂ ಅಲ್ಲ. ಮನೆಯಲ್ಲಿ ಇರಬಾರದ ಹುಳುಹುಪ್ಪಟೆಗಳಿಗೆಲ್ಲ ಸಲ್ಲುವ ಪದ. ಇಂಥದ್ದೇ ಹುಳು ಎಂದು ಹೇಳದಿರುವುದರಲ್ಲೇ ಕಥೆಯ ಶಕ್ತಿಯಿದೆ. ಚಿತ್ರಕಾರನಿಗೆ ಆ ಅನುಕೂಲವಿಲ್ಲ. ಕಾಲೆಷ್ಟು, ಕಣ್ಣೆಲ್ಲಿ ಎಂದು ಅವನು ತೀರ್ಮಾನಿಸಲೇಬೇಕು.

ಆದರೆ ಪತ್ರವನ್ನು ಪೂರ್ತಿ ಓದಬೇಕು. ಕಾಫ್ಕಾ ಚಿತ್ರವೇ ಬೇಡ ಅನ್ನಲಿಲ್ಲ, ಬೇರೆ ಚಿತ್ರ ಸೂಚಿಸಿದ. ಮುಚ್ಚಿದ ಬಾಗಿಲ ಮುಂದೆ ತಂದೆ, ತಾಯಿ ಮತ್ತು ಕಚೇರಿಯ ಮೇಲಧಿಕಾರಿ. ಇಲ್ಲವೇ ಬೆಳಕಿನ ಕೋಣೆಯಲ್ಲಿ ತಂದೆ, ತಾಯಿ, ತಂಗಿ, ಪಕ್ಕದ ಕತ್ತಲ ಕೋಣೆಗೆ ತೆರೆದ ಬಾಗಿಲು. ಇದು ಚಿತ್ರವಿರೋಧಿಯ ಮಾತಲ್ಲ. ಏನನ್ನು ತೋರಿಸಿದರೆ ಯಾವುದು ಕಾಣದೆ ಉಳಿದು ಕಾಡುತ್ತದೆಂದು ಬಲ್ಲವನ ಮಾತು. ಕಾಮಿಕ್ಸ್ ಕಲಾವಿದ ಮಾಡುವುದೂ ಇದನ್ನೇ. ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಉಳಿದ ಖಾಲಿ ಜಾಗದಲ್ಲಿ ನಡೆದದ್ದನ್ನು ಓದುಗನೇ ಊಹಿಸಿಕೊಳ್ಳಬೇಕು. ಇಲ್ಲಿ ಕಲ್ಪನೆ ಸತ್ತಿದ್ದೆಲ್ಲಿ?

ಅಮೆರಿಕದ ಪೀಟರ್ ಕೂಪರ್ 2003ರಲ್ಲಿ ಇದೇ ಕೃತಿಯನ್ನು ಗ್ರಾಫಿಕ್ ಕಾದಂಬರಿ ಮಾಡಿದರು. ಕಪ್ಪು ಹಲಗೆಯನ್ನು ಕೆರೆದು ಬಿಳಿ ಗೆರೆ ಎಬ್ಬಿಸುವ ಬಗೆಯ ಚಿತ್ರಗಳು. ಕಾಫ್ಕಾ ಬೇಡವೆಂದರೂ ಹುಳುವನ್ನು ಚಿತ್ರಿಸಿದರು. ಅಲ್ಲಿ ಏನೋ ಕಳೆದುಹೋಯಿತು, ಒಪ್ಪುತ್ತೇನೆ. ಆದರೆ ಗ್ರೆಗರ್ ಗೋಡೆ, ಸೂರು ಹತ್ತುವಲ್ಲಿ ಅಕ್ಷರಗಳೂ ಅವನ ಜೊತೆ ತಿರುಗುತ್ತವೆ. ಓದಬೇಕಾದರೆ ನಾವು ಪುಸ್ತಕವನ್ನೇ ತಿರುಗಿಸಬೇಕು. ಇದು ಕಾಫ್ಕಾನ ವಾಕ್ಯಕ್ಕೆ ಸಾಧ್ಯವಿರದ ಕೆಲಸ. ನಾವು ಜಗಳವಾಡಬೇಕಾದದ್ದು ಈ ಲಾಭ ನಷ್ಟಗಳ ಬಗ್ಗೆ.

ಇನ್ನು ಹೊಗಳುವವರು. ‘ಹುಡುಗರು ಓದುತ್ತಾರೆ’ ಎಂಬ ವಾದ ಹಳೆಯದು. 1941ರಲ್ಲಿ ಅಮೆರಿಕದಲ್ಲಿ ಆಲ್ಬರ್ಟ್ ಕ್ಯಾಂಟರ್ ಶುರುಮಾಡಿದ, ಮುಂದೆ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಎಂದು ಹೆಸರಾದ ಮಾಲೆ ಇದೇ ನಂಬಿಕೆಯ ಮೇಲೆ ನಡೆಯಿತು. ಕೊನೆಯಲ್ಲಿ ಮೂಲ ಕೃತಿಯನ್ನೂ ಓದಿರೆಂದು ಅದೇ ಉಪದೇಶಿಸುತ್ತಿತ್ತು. ತಾನು ಬರೀ ಮೆಟ್ಟಿಲು ಎಂದು ತಾನೇ ಒಪ್ಪಿಕೊಂಡಂತೆ! ಮೆಟ್ಟಿಲಾಗಲು ಹೊರಟ ಪುಸ್ತಕದ ಲಕ್ಷಣ ಗೊತ್ತೇ ಇದೆ: ‘ಅವನು ಬಾಗಿಲು ತೆರೆದ’ ಎಂದು ಮೇಲೆ ಒಂದು ಸಾಲು, ಅದರ ಕೆಳಗೆ ಬಾಗಿಲು ತೆರೆಯುತ್ತಿರುವವನ ಚಿತ್ರ. ಇದರಲ್ಲಿ ಇಬ್ಬರಿಗೂ ಅವಮಾನವಿದೆ. ವಿದ್ಯಾರ್ಥಿಗೆ ಕಾದಂಬರಿ ದಕ್ಕುವುದಿಲ್ಲವೆಂಬ ತೀರ್ಮಾನ ಒಂದು. ಚಿತ್ರವನ್ನು ಕಷ್ಟಪಟ್ಟು ಓದಬೇಕಿಲ್ಲ, ಕಣ್ಣಾಡಿಸಿದರೆ ಸಾಕೆಂಬ ಉಡಾಫೆ ಇನ್ನೊಂದು.

ನಾಳೆ ಯಾರಾದರೂ ಕಾರಂತರ ‘ಚೋಮನ ದುಡಿ’ಯನ್ನು ಗ್ರಾಫಿಕ್ ಕಾದಂಬರಿ ಮಾಡಹೊರಟರೆ ನನ್ನ ಪ್ರಶ್ನೆ ಒಂದೇ: ದುಡಿಯನ್ನು ಏನು ಮಾಡುತ್ತೀರಿ? ಬೇಸಾಯಗಾರನಾಗುವ ಆಸೆ ಈಡೇರದ ಚೋಮ ತನ್ನ ಸಿಟ್ಟು, ಸಂಕಟವನ್ನೆಲ್ಲ ಆ ದುಡಿಯ ಮೇಲೆ ಬಡಿಯುತ್ತಾನೆ. 1975ರ ಸಿನಿಮಾಕ್ಕೆ ಸದ್ದು ಸಿಕ್ಕಿತ್ತು. ಕಾಗದಕ್ಕೆ ಸದ್ದಿಲ್ಲ. ‘ಢಂ ಢಂ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಮುಗಿಸುವವರು ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಬಡಿತಕ್ಕೆ ತಕ್ಕಂತೆ ಚೌಕಗಳು ಚಿಕ್ಕದಾಗಿ, ಒತ್ತಾಗಿ, ಕೊನೆಗೆ ಗೆರೆ ಮುರಿದು ಹೋಗುವಂತೆ ಮಾಡಬಲ್ಲವರು ಬೇಕು. ಅಂಥವರು ಬಂದರೆ ಪುಟಕ್ಕೆ ಕಿವಿಗೊಡಲು ನಾನು ತಯಾರು.

ಅಂಥ ಪುಸ್ತಕ ಬಂದ ದಿನ ‘ಮಕ್ಕಳಿಗೂ ಸುಲಭ’ ಎಂಬ ಮಾತನ್ನು ಬೆನ್ನುಪುಟದಲ್ಲಿ ಅಚ್ಚುಹಾಕಬೇಡಿ. ಕಲಾವಿದರ ಹೆಸರನ್ನು ಮುಖಪುಟದಲ್ಲಿ ಕಾರಂತರ ಹೆಸರಿನಷ್ಟೇ ದೊಡ್ಡದಾಗಿ ಹಾಕಿ. ವಿಮರ್ಶಕರೂ ಆಗ ಎರಡು ಹೆಸರುಗಳಿಗೆ ಉತ್ತರ ಹೇಳಬೇಕಾಗುತ್ತದೆ.